ಮಾದಪ್ಪನ ಮೂಟೆಗೆ ಬಿಲ್ಲಿಲ್ಲ

ಮುತ್ತಯ್ಯ ಮಾಡಿದ ತಪ್ಪೇನು ಅಂತ ಕೇಳಿದರೆ, ಹಿಂದಕ್ಕೆ ತಿರುಗಿ ನೋಡಲಿಲ್ಲ, ಅಷ್ಟೇ. ಈ ಮಾತನ್ನು ಕೊಳ್ಳೇಗಾಲದ ಕೋರ್ಟಿನಲ್ಲಿ ಹೇಳಿದರೆ ನಗುತ್ತಾರೆ. ಹೊನ್ನಗೆರೆಯಲ್ಲಿ ಹೇಳಿದರೆ ಮೂರು ವರ್ಷದ ಮಗುವೂ ಹೌದು ಅನ್ನುತ್ತೆ. ಅಕ್ಕಪಕ್ಕದ ಎರಡು ತಾಲೂಕಿನ ನಡುವೆ ಇಷ್ಟು ದೂರ ಇದೆ ನೋಡಿ.

ಹೊನ್ನಗೆರೆ ಅನ್ನೋದು ಯಳಂದೂರಿಂದ ಎರಡು ಮೈಲಿ. ಕಾಲುವೆ ನೀರಿನ ಊರು, ಭತ್ತದ ಊರು. ಅಲ್ಲಿ ಪುಟ್ಟಬಸಪ್ಪನವರದೊಂದು ಭತ್ತದ ಮಂಡಿ, ಮಂಡಿಗೊಂದು ಲಾರಿ, ಲಾರಿಗೊಬ್ಬ ಮುತ್ತಯ್ಯ. ಹುಟ್ಟಿದ್ದು ಮಾರ್ಟಳ್ಳಿ, ಮನೆಮಾತು ತಮಿಳು, ಆದರೆ ಇಪ್ಪತ್ತೆರಡು ವರ್ಷ ಇದೇ ಊರಿನ ನೀರು ಕುಡಿದು ಕನಸು ಕೂಡ ಕನ್ನಡದಲ್ಲೇ ಬೀಳುತ್ತಿತ್ತು. ವಯಸ್ಸು ಐವತ್ತಾರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ನೆಲ ಇಲ್ಲ, ಓದಿಲ್ಲ, ಸ್ಟೇರಿಂಗ್ ಹಿಡಿಯೋದು ಬಿಟ್ಟು ಇನ್ನೊಂದು ಕಸುಬು ಗೊತ್ತಿಲ್ಲ. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಿದ್ದ ಹೆವಿ ಲೈಸೆನ್ಸೇ ಅವನ ಹೊಲ, ಅವನ ಮನೆ, ಅವನ ಮಾನ.

ಆ ಊರಿನದೊಂದು ಪದ್ಧತಿ ಉಂಟು. ಸುಗ್ಗಿ ಮುಗಿದು ಮೊದಲನೇ ಲೋಡು ಭತ್ತ ಮೆಟ್ಟೂರಿಗೆ ಹೊರಡುತ್ತಲ್ಲ, ಆ ದಾರಿ ಮಾದಪ್ಪನ ಬೆಟ್ಟದ ಮೇಲೇ ಹೋಗುತ್ತೆ. ಹಂಗಾಗಿ ಹರಕೆ ಹೊತ್ತವರೆಲ್ಲ ಬೆಟ್ಟದ ದಾಸೋಹಕ್ಕೆ ಅಂತ ಅದೇ ಲಾರಿಗೆ ಒಂದೊಂದು ಮೂಟೆ ಹಾಕುತ್ತಾರೆ. ಹಾಕಿದವರ ಹೆಸರು ಯಾರಿಗೂ ತಿಳಿಯಕೂಡದು. ಚೀಟಿ ಇಲ್ಲ, ಬಿಲ್ಲಿಲ್ಲ, ಬಾಡಿಗೆ ಇಲ್ಲ. ಡ್ರೈವರ್ ಕ್ಯಾಬಿನ್ನಿನಲ್ಲಿ ಎರಡೂ ಕಡೆಯ ಕನ್ನಡಿ ಮಡಚಿ ಮುಂದಕ್ಕೆ ಮುಖ ಮಾಡಿ ಕೂತಿರಬೇಕು. ಮಾದಪ್ಪನ ಮೂಟೆ ಎಲ್ಲಕ್ಕಿಂತ ಮೇಲೆ ಕೂರಬೇಕು, ಅದರ ಮೇಲೆ ಇನ್ನೊಂದು ಮೂಟೆ ಬೀಳಕೂಡದು, ಹಗ್ಗವನ್ನೂ ಎಳೆದು ಬಿಗಿಯಕೂಡದು. ದೇವರ ಮೈಮೇಲೆ ಹಗ್ಗ ಬಿಗಿಯೋದುಂಟಾ? ಇಷ್ಟಾದ ಮೇಲೆ ಯಾರಾದರೂ ‘ಇದು ನಾನು ಕೊಟ್ಟಿದ್ದು’ ಅಂತ ಬಾಯಿಬಿಟ್ಟರೋ, ಹರಕೆ ಕೆಟ್ಟಿತು. ಮೂಟೆ ಮನೆಗೆ ವಾಪಸ್ ಬತ್ತದೆ ಅನ್ನುತ್ತಾರೆ. ಅಂದರೆ ಯಾವ ಕಷ್ಟ ಕಳೀಲಿ ಅಂತ ಕೊಟ್ಟರೋ ಆ ಕಷ್ಟ ವಾಪಸ್ ಬರುತ್ತೆ ಅಂತ.

ಮುತ್ತಯ್ಯ ಹೊರಗಿನಿಂದ ಬಂದವನಲ್ಲವಾ, ಊರಿನವರಿಗಿಂತ ಒಂದು ಕೈ ಹೆಚ್ಚಾಗೇ ನಿಯಮ ಪಾಲಿಸುತ್ತಿದ್ದ. ಕಣ್ಣು ಮುಂದಕ್ಕಿದ್ದರೂ ಕಿವಿ ಮುಚ್ಚಿಕೊಳ್ಳೋಕಾಗುತ್ತಾ? ಒಂದೊಂದು ಮೂಟೆ ಬಿದ್ದಾಗಲೂ ಗಾಡಿ ಕುಗ್ಗೋದು ಸೀಟಿನ ಕೆಳಗೇ ಗೊತ್ತಾಗುತ್ತಿತ್ತು. ಮೊದಲನೇ ಮೂಟೆ ಬೀಳುವಾಗ ಕೇಳೋ ಒಣಕೆಮ್ಮು ಪುಟ್ಟಬಸಪ್ಪನವರದು. ಕೊನೆಕೊನೆಗೆ ಅಳಿಯನ ಹೆಗಲ ಮೇಲೆ ಹೊರಿಸಿ ತಾನೊಂದು ಕೈ ತಾಗಿಸಿ ‘ಉಸ್ಸಪ್ಪಾ ಮಾದೇವ’ ಅನ್ನೋಳು ಹಿಂದಲ ಬೀದಿ ದೇವೀರಮ್ಮ. ಎಲ್ಲ ಗೊತ್ತು. ಆದರೆ ನೋಡಿದ್ದು ಮಾತ್ರ ಒಂದೂ ಇಲ್ಲ.

ಈ ಸಲದ ಜನವರಿಯಲ್ಲಿ ಬಿಲ್ಲಿನಲ್ಲಿದ್ದದ್ದು ಹತ್ತು ಟನ್ ಭತ್ತ. ಲಾರಿ ಹೊರಬೇಕಾದ್ದೂ ಅಷ್ಟೇ. ಅದರ ಮೇಲೆ ಮಾದಪ್ಪನ ಮೂಟೆ ಇಪ್ಪತ್ತೇಳು. ಫಸಲು ಚೆನ್ನಾಗಿ ಬಂದಿತ್ತು, ಹರಕೆಯೂ ಚೆನ್ನಾಗೇ ಬಂದಿತ್ತು. ಹನೂರು ದಾಟಿ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ಮುತ್ತಯ್ಯ ಪಕ್ಕಕ್ಕೆ ತೆಗೆದುಕೊಂಡ, ಹಗ್ಗವಿಲ್ಲದೆ ಕೂತಿದ್ದ ಮೂಟೆಯೊಂದು ಜಾರಿ ಬಸ್ಸಿನ ಮುಂದೆ ದೊಪ್ಪನೆ ಬಿದ್ದು ಒಡೆಯಿತು. ಬಸ್ಸಿನವನು ಬ್ರೇಕ್ ಹಾಕಿದ, ಯಾರಿಗೂ ಏನೂ ಆಗಲಿಲ್ಲ, ಆ ಮಟ್ಟಿಗೆ ಮಾದಪ್ಪ ಕಣ್ಣುಬಿಟ್ಟಿದ್ದ. ಆದರೆ ಬಸ್ಸಿನ ಹಿಂದೇ ಪೊಲೀಸ್ ಜೀಪಿತ್ತು.

ಲಾರಿಯನ್ನು ವೇಬ್ರಿಡ್ಜಿಗೆ ಹತ್ತಿಸಿ ತೂಗಿದರು. ಎರಡು ಟನ್ ಹೆಚ್ಚು. ಎತ್ತರವೂ ಹೆಚ್ಚು. ಮೇಲಿನ ಮೂಟೆಗೆ ಕಟ್ಟಿಲ್ಲ. ಈ ಮೂಟೆಗಳು ಯಾರವು ಅಂತ ಸಬ್‌ಇನ್‌ಸ್ಪೆಕ್ಟರು ಕೇಳಿದರು.

“ಮಾದಪ್ಪನವು ಸಾ,” ಅಂದ ಮುತ್ತಯ್ಯ.

ಅವರೂ ಈ ಕಡೆಯವರೇ. ಟೋಪಿ ತೆಗೆದು ಮೂಟೆಗಳಿಗೆ ಒಂದು ಕೈ ಮುಗಿದರು, ಮತ್ತೆ ಟೋಪಿ ಹಾಕಿಕೊಂಡು ಕೇಸು ಬರೆದರು. ಅಧಿಕ ಭಾರ, ಅಪಾಯವಾಗುವಂತೆ ಲೋಡು. ಭಕ್ತಿ ಭಕ್ತಿಯ ಕಡೆ, ಡ್ಯೂಟಿ ಡ್ಯೂಟಿಯ ಕಡೆ. ಅವರನ್ನು ಬೈಯೋ ಹಾಗೂ ಇಲ್ಲ.

ಮುತ್ತಯ್ಯನ ಎದೆ ಒಡೆದದ್ದು ಯಾಕೆಂದರೆ, ಇದು ಎರಡನೇ ಸಲ. ಮೂರು ವರ್ಷದ ಹಿಂದೆ ಕಬ್ಬಿನ ಲೋಡು ಹೆಚ್ಚಾಗಿ ಸಿಕ್ಕಿಬಿದ್ದಾಗ ಪುಟ್ಟಬಸಪ್ಪನವರು, ಒಪ್ಪಿಕೊಂಡುಬಿಡಪ್ಪ, ದಂಡ ನಾನು ಕಟ್ಟುತ್ತೀನಿ ಅಂದಿದ್ದರು. ಒಪ್ಪಿಕೊಂಡಿದ್ದ. ದಂಡ ಅವರೇ ಕಟ್ಟಿದರು, ಸುಳ್ಳು ಹೇಳಬಾರದು. ಆದರೆ ಮೂರು ತಿಂಗಳು ಲೈಸೆನ್ಸ್ ಅಮಾನತ್ತಾಗಿದ್ದು ಮುತ್ತಯ್ಯನದು. ಆ ಮೂರು ತಿಂಗಳು ಮಂಡಿಯ ಮುಂದೆ ಕಲ್ಲಿನ ಮೇಲೆ ಕೂತು, ಬೇರೆ ಯಾರೋ ಲಾರಿ ಹಿಂದಕ್ಕೆ ತೆಗೆಯೋದನ್ನು ನೋಡುತ್ತಾ, ಹೆಂಗಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದ.

ಈ ಸಲ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ಟೇಷನ್ನಿನಲ್ಲಿ, ನಾನು ಕಳಿಸಿದ್ದು ಬಿಲ್ಲಿನಲ್ಲಿರೋ ಹತ್ತೇ ಟನ್ನು, ದಾರಿಯಲ್ಲಿ ಡ್ರೈವರು ಏನು ಹಾಕಿಕೊಂಡನೋ ನನಗೆ ಗೊತ್ತಿಲ್ಲ ಅಂತ ಬರೆದುಕೊಟ್ಟರು. ಮೊದಲನೇ ಮೂಟೆ ಹಾಕಿದ ಪುಣ್ಯಾತ್ಮ! ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನೋದು ಇದಕ್ಕೇ. ಮುತ್ತಯ್ಯನನ್ನು ಮಂಡಿಯ ಒಳಕ್ಕೆ ಕರೆದು, ಪಕ್ಕದಲ್ಲೇ ಕೂರಿಸಿಕೊಂಡು, ಕಾಫಿ ಕೊಟ್ಟು ಹೇಳಿದರು:

“ನಾನ್ ಹಾಕ್ದೆ ಅಂತ ನಾನ್ ಹೆಂಗಪ್ಪಾ ಏಳ್ಲಿ? ಹರಕೆ ಅದು. ನೀನೇ ಏಳು, ಏಳಕಾದದಾ?”

ಅವರು ನೆಪ ಹೇಳುತ್ತಿದ್ದಾರೋ ನಿಜವಾಗಿ ಹೆದರಿದ್ದಾರೋ ಅನ್ನೋದು ಮುತ್ತಯ್ಯನಿಗೆ ಬಗೆಹರಿಯಲಿಲ್ಲ. ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದ.

ಲಾಯರನ್ನು ಗೊತ್ತು ಮಾಡಿದ್ದೂ ಪುಟ್ಟಬಸಪ್ಪನವರೇ. ಕೊಳ್ಳೇಗಾಲದ ಗುರುಪ್ರಕಾಶ್ ಅಂತ, ಇನ್ನೂ ಮೂವತ್ತರ ಹುಡುಗ, ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ಮೊದಲೇ ಇದ್ದದ್ದು ಇದ್ದ ಹಾಗೆ ಹೇಳಿದ. ನಾನು ನಿಮ್ಮ ಯಜಮಾನರಿಗೂ ಲಾಯರು, ಅವರ ಕಡೆ ಬೆರಳು ತೋರಿಸೋ ಕೆಲಸ ನನ್ನ ಕೈಲಾಗಲ್ಲ, ಬೇಕಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಅಂದ. ಬೇರೆಯವರು ಯಾರನ್ನು ನೋಡೋದು? ಕಪ್ಪು ಕೋಟು ಹಾಕಿದವರ ಪೈಕಿ ಮುತ್ತಯ್ಯನಿಗೆ ಗೊತ್ತಿದ್ದದ್ದು ಇವನೊಬ್ಬನೇ. ನೀವೇ ಮಾಡಿ ಸಾ ಅಂದ.

ಮೂಟೆ ಹಾಕುವಾಗ ಎಲ್ಲಿದ್ದಿರಿ ಅಂತ ಲಾಯರು ಕೇಳಿದ. ಹೇಳಬಾರದ ವಿಷಯ, ಆದರೂ ಲಾಯರಿಗೂ ಡಾಕ್ಟರಿಗೂ ಮುಚ್ಚಿಡಬಾರದಲ್ಲ, ಮುತ್ತಯ್ಯ ಎಲ್ಲವನ್ನೂ ಹೇಳಿದ. ಕ್ಯಾಬಿನ್ನಿನಲ್ಲೇ ಇದ್ದೆ, ಕನ್ನಡಿ ಮಡಚಿದ್ದೆ, ಗಾಡಿ ಕುಗ್ಗೋದು ಗೊತ್ತಾಗುತ್ತಿತ್ತು. ಗುರುಪ್ರಕಾಶ್ ಬರೆಯೋದು ನಿಲ್ಲಿಸಿ ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ, ಇದನ್ನು ನನಗೆ ಹೇಳಿದಿರಿ, ಇನ್ನು ಯಾರಿಗೂ ಹೇಳಬೇಡಿ ಅಂದ. ಕೋರ್ಟಿನಲ್ಲಿ ಆರೋಪಿ ಬಾಯಿ ಬಿಡಲೇಬೇಕು ಅಂತ ಕಾನೂನಿಲ್ಲ. ಭಾರ ಹೆಚ್ಚಿತ್ತು ಅಂತ ತೂಕದ ಚೀಟಿ ಹೇಳುತ್ತೆ, ಅದನ್ನು ಅಲ್ಲ ಅನ್ನೋಕಾಗಲ್ಲ. ಆದರೆ ಡ್ರೈವರಿಗೆ ಗೊತ್ತಿತ್ತು ಅಂತ ಯಾರು ಹೇಳಬೇಕು? ಊರಿನಲ್ಲಿ ಲೋಡಾಗಿದ್ದನ್ನು ಪೊಲೀಸಿನವರು ಕಂಡಿಲ್ಲ, ಊರಿನವರು ಬಂದು ಹೇಳಲ್ಲ. ಗೊತ್ತಿಲ್ಲದೆ ಆಗಿದ್ದು ಅಂತ ವಾದ ಮಾಡಿ, ದಂಡಕ್ಕೆ ಮುಗಿಸಿ ಲೈಸೆನ್ಸ್ ಉಳಿಸಿಕೊಡಿ ಅಂತ ಬೇಡೋಣ. ತೆಳ್ಳಗಿನ ದಾರ, ಆದರೂ ದಾರ ಅಂದ.

ಮುತ್ತಯ್ಯನಿಗೆ ಅಷ್ಟರಲ್ಲಿ ಸಮಾಧಾನ ಆಗಲಿಲ್ಲ. ಯಾರಾದರೂ ಒಬ್ಬರು ಬಂದು, ಇದು ಊರಿನ ಪದ್ಧತಿ, ಇವನದೇನೂ ಇಲ್ಲ ಅಂದರೆ ಸಾಕಲ್ಲ ಅನ್ನಿಸಿತು. ಅದೇ ಅವನ ಕೆಟ್ಟ ಗಳಿಗೆ. ಬೀದಿ ಬೀದಿ ತಿರುಗಿದ. ಯಾರೂ ಬೈಯಲಿಲ್ಲ, ಬಾಗಿಲು ಹಾಕಲಿಲ್ಲ, ಅದಾದರೂ ಆಗಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಎಲ್ಲರೂ ಕೂರಿಸಿ, ಮಜ್ಜಿಗೆ ಕೊಟ್ಟು, ಅಯ್ಯೋ ಮುತ್ತಯ್ಯ ಅಂತ ಕಣ್ಣಲ್ಲಿ ನೀರು ಹಾಕಿಕೊಂಡು, ಕೈಯಲ್ಲಾಗಲ್ಲ ಅಂದರು. ಒಬ್ಬನಿಗೆ ಮಗಳ ಮದುವೆಯ ಹರಕೆ, ಒಬ್ಬನಿಗೆ ಕಿಡ್ನಿಯ ಹರಕೆ. ಕೋರ್ಟಿಗೆ ಬಂದರೆ ಲಾಯರು, ನೀನು ಮೂಟೆ ಹಾಕಿದೆಯಾ ಅಂತ ಕೇಳೇ ಕೇಳುತ್ತಾನೆ, ದೇವರ ಹೆಸರಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳೋಕೂ ಆಗಲ್ಲ, ನಿಜ ಹೇಳೋಕೂ ಆಗಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ ಎಲ್ಲರೂ.

ಕೊನೆಗೆ ದೇವೀರಮ್ಮನ ಮನೆಗೆ ಹೋದ. ಮುದುಕಿಗೆ ಎಪ್ಪತ್ತರ ಮೇಲೆ. ಮುತ್ತಯ್ಯನ ಹೆಂಡತಿ ಹಾಸಿಗೆ ಹಿಡಿದಾಗ ಆರು ತಿಂಗಳು ಗಂಜಿ ಕಾಯಿಸಿ ತಂದುಕೊಟ್ಟವಳು. ಅವಳ ಮೊಮ್ಮಗಳು ಸ್ಪಂದನ, ಆರು ವರ್ಷದ ಮಗು, ಜಗಲಿಯಲ್ಲಿ ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಾ ಕೂತಿತ್ತು. ಆ ಮಗುವಿಗೆ ಫಿಟ್ಸ್. ಹೋದ ವರ್ಷವೆಲ್ಲ ವಾರಕ್ಕೆ ಎರಡು ಸಲ ಬಾಯಲ್ಲಿ ನೊರೆ ಬಂದು ಬಿದ್ದು ಒದ್ದಾಡುತ್ತಿತ್ತು. ಮಾತ್ರೆ ಶುರುಮಾಡಿದ್ದರು, ಅದೇ ಹೊತ್ತಿಗೆ ಹರಕೆಯನ್ನೂ ಹೊತ್ತಿದ್ದರು. ಮೂಟೆ ಹೋದ ಮೇಲೆ ಒಂದು ಸಲವೂ ಬಿದ್ದಿಲ್ಲ. ಯಾವುದರಿಂದ ಅಂತ ಯಾರಿಗೆ ಗೊತ್ತು?

ಮುತ್ತಯ್ಯ ಕೇಳಿದ್ದನ್ನು ದೇವೀರಮ್ಮ ಪೂರ್ತಿ ಕೇಳಿಸಿಕೊಂಡಳು. ಮಗುವಿನ ಕಡೆ ಒಮ್ಮೆ ನೋಡಿದಳು.

“ಮಗಾ, ನನ್ ಪ್ರಾಣ ಕೇಳು, ಕೊಟ್ಬುಡ್ತೀನಿ. ಇದ ಕೇಳ್ಬ್ಯಾಡ ಕಣಪ್ಪ.”

ಆಯ್ತು ಬುಡವ್ವ ಅಂತ ಮುತ್ತಯ್ಯ ಎದ್ದುಬಿಟ್ಟ. ತಾನೇನಾದರೂ ಆ ಜಾಗದಲ್ಲಿದ್ದಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಅಂತ ಅವನಿಗೆ ಗೊತ್ತಿತ್ತು. ಕೇಳಿದ್ದೇ ತಪ್ಪು ಅನ್ನಿಸಿ ನಾಚಿಕೆಯಾಯಿತು. ಕ್ಯಾಬಿನ್ನಿನಲ್ಲಿ ಕೂತಿದ್ದೆ ಅನ್ನೋ ಮಾತು ಕೋರ್ಟಿನಲ್ಲಿ ಬರಕೂಡದು ಅಂತ ಲಾಯರು ಹೇಳಿದ್ದನ್ನು ಅವಳಿಗೆ ಅವನು ಹೇಳಲೇ ಇಲ್ಲ. ಬರಲ್ಲ ಅಂದವಳಿಗೆ ಅದನ್ನು ಯಾಕೆ ಹೇಳಬೇಕು?

ವಿಚಾರಣೆ ಆಷಾಢದಲ್ಲಿ ಬಂತು. ಮುತ್ತಯ್ಯ ಒಗೆದ ಬಿಳಿ ಅಂಗಿ ಹಾಕಿಕೊಂಡು ಕಟಕಟೆಯಲ್ಲಿ ನಿಂತ. ಪುಟ್ಟಬಸಪ್ಪನವರ ಮೇಲಿನ ಕೇಸು ಬೇರೆ, ಅವರು ಅವತ್ತು ಬರಲಿಲ್ಲ. ನ್ಯಾಯಾಧೀಶರು ಹೆಂಗಸು, ಮೆತ್ತಗಿನ ದನಿ, ಎಲ್ಲವನ್ನೂ ಎರಡು ಸಲ ಕೇಳೋರು. ಸಬ್‌ಇನ್‌ಸ್ಪೆಕ್ಟರು ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಗುರುಪ್ರಕಾಶ್ ಎದ್ದು, ಆ ಮೂಟೆ ಹಾಕೋದನ್ನು ನೀವು ನೋಡಿದಿರಾ ಅಂದ. ಇಲ್ಲ. ಹಾಕಿದವರು ಯಾರು ಅಂತ ತನಿಖೆ ಮಾಡಿದಿರಾ? ಊರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹಾಕುವಾಗ ಡ್ರೈವರ್ ಅಲ್ಲಿದ್ದ ಅನ್ನೋಕೆ ಒಬ್ಬನಾದರೂ ಸಾಕ್ಷಿ ಇದ್ದಾನಾ? ಇಲ್ಲ.

ಆ ಎರಡು ‘ಇಲ್ಲ’ ಕೇಳಿ ಮುತ್ತಯ್ಯನಿಗೆ ಆರು ತಿಂಗಳ ಮೇಲೆ ಮೊದಲನೇ ಸಲ ಉಸಿರು ಸಲೀಸಾಗಿ ಆಡಿತು. ನೀನೇನಾದರೂ ಹೇಳೋದಿದೆಯಾ ಅಂತ ನ್ಯಾಯಾಧೀಶರು ಕೇಳಿದಾಗ, ಲಾಯರು ಹೇಳಿಕೊಟ್ಟ ಹಾಗೆ, ಏನೂ ಇಲ್ಲ ತಾಯಿ ಅಂದ. ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಬಾಗಿಲ ಹತ್ತಿರ ಗುಸುಗುಸು ಎದ್ದಿತು. ಪೇದೆಯೊಬ್ಬ ಯಾರನ್ನೋ ತಡೆಯುತ್ತಿದ್ದ.

ದೇವೀರಮ್ಮ. ಮೊದಲನೇ ಬಸ್ಸಿಗೆ ಹತ್ತಿ, ದಾರಿ ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ರಾತ್ರಿಯೆಲ್ಲ ನಿದ್ದೆ ಇಲ್ಲ ಅನ್ನೋದು ಮುಖದಲ್ಲೇ ಇತ್ತು. ಪೇದೆಯ ಕೈ ಸರಿಸಿ ಎರಡು ಹೆಜ್ಜೆ ಒಳಗೆ ಬಂದು ಕೈ ಮುಗಿದಳು.

“ತಾಯೀ, ಆ ಮೂಟೆಲೊಂದು ನಂದು. ನಾನ್ ಏಳ್ತೀನಿ.”

ಗುರುಪ್ರಕಾಶ್ ಥಟ್ಟನೆ ಎದ್ದು, ಇವರು ನಮ್ಮ ಸಾಕ್ಷಿ ಅಲ್ಲ ಅಂದ. ಆದರೆ ಕೋರ್ಟಿನೊಳಗೆ ಇರೋ ಯಾರನ್ನು ಬೇಕಾದರೂ ಕರೆದು ಕೇಳೋ ಅಧಿಕಾರ ನ್ಯಾಯಾಧೀಶರಿಗೆ ಉಂಟಂತೆ. ಅಷ್ಟು ದೂರದಿಂದ ಬಂದ ಮುದುಕಿಯನ್ನು ಹಾಗೇ ಕಳಿಸೋದು ಅವರಿಗೂ ಸರಿಕಾಣಲಿಲ್ಲ. ಬನ್ನಿ ಅಜ್ಜಿ ಅಂದರು. ಅದು ಅವರ ಒಳ್ಳೆಯತನ. ಈ ಕತೆಯಲ್ಲಿ ನೋಡಿ, ಎಲ್ಲರೂ ಒಳ್ಳೆಯವರೇ.

ಮುತ್ತಯ್ಯನಿಗೆ ಬ್ಯಾಡವ್ವ ಅಂತ ಕೂಗಬೇಕು ಅನ್ನಿಸಿತು, ಕಟಕಟೆಯಲ್ಲಿ ನಿಂತವನು ಕೂಗೋ ಹಾಗಿಲ್ಲ. ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದ. ಅವಳು ಅದನ್ನು, ನನಗೋಸ್ಕರ ಹರಕೆ ಕೆಡಿಸಿಕೊಳ್ಳಬೇಡ ಅಂತಿದ್ದಾನೆ ಅಂದುಕೊಂಡಳೋ ಏನೋ, ಅವನಿಗೇ ಧೈರ್ಯ ಹೇಳೋ ಹಾಗೆ ಕೈ ಎತ್ತಿದಳು.

ಮುದುಕಿ ಚೆನ್ನಾಗಿ ಹೇಳಿದಳು, ಬಹಳ ಚೆನ್ನಾಗಿ ಹೇಳಿದಳು. ಇದು ತಾತನ ಕಾಲದ ಪದ್ಧತಿ, ಇವನು ಒಂದು ಕಾಸು ಮುಟ್ಟಿಲ್ಲ, ಯಾರು ಹಾಕಿದರು ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ತಿರುಗಿ ನೋಡಿಲ್ಲ, ಇಂಥ ಮನುಷ್ಯ ನಮ್ಮ ಸೀಮೆಯಲ್ಲೇ ಇಲ್ಲ. ಸರ್ಕಾರಿ ವಕೀಲರು ಸುಮ್ಮನೆ ಕೇಳಿಸಿಕೊಂಡು ಎದ್ದು ನಿಂತರು.

“ತಿರುಗಿ ನೋಡ್ಲಿಲ್ಲ ಅಂದ್ರಿ. ಎಲ್ಲಿದ್ದ ಅಜ್ಜಿ ಅವನು?”

“ಗಾಡೀಲೇ ಸಾ. ಇನ್ನೆಲ್ಲಿದ್ದಾನು? ಕನ್ನಡಿ ಎಲ್ಲಾ ಮಡ್ಚಿ, ಗೌರಿ ಕೂತಂಗೆ ಕೂತಿದ್ದ.”

“ಇಪ್ಪತ್ತೇಳು ಮೂಟೆ ಹಾಕೋ ತನಕ?”

“ಊಂ ಸಾ. ನಮ್ಮಳಿಯ ಮೂಟೆನ ದಪ್ ಅಂತ ಎತ್ತಾಕ್ದ. ಮೆತ್ಗೆ ಮಡುಗಪ್ಪಾ, ಈಗ್ಲೇ ಬಾರ ಜಾಸ್ತಿ ಆಗ್ಯದೆ ಅಂತ ಇವ್ನು ಅಲ್ಲಿಂದ್ಲೇ ಅಂದ. ಅಷ್ಟು ಕಾಳ್ಜಿ ಸಾ ಅವನ್ಗೆ.”

ಗುರುಪ್ರಕಾಶ್ ಕೂತ. ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದ. ಸರ್ಕಾರಿ ವಕೀಲರು ಇನ್ನೇನೂ ಕೇಳೋದಿಲ್ಲ ಅಂದರು. ಅವರ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ನ್ಯಾಯಾಧೀಶರು ಆಯ್ತು ಅಜ್ಜಿ, ಹೊರಗೆ ಕೂತ್ಕೊಳ್ಳಿ ಅಂದಾಗ ದೇವೀರಮ್ಮ ಅವರಿಗೆ, ಪೇದೆಗೆ, ಸರ್ಕಾರಿ ವಕೀಲರಿಗೆ, ಎಲ್ಲರಿಗೂ ಕೈ ಮುಗಿದು ಹೊರಗೆ ಹೋದಳು.

ಊಟದ ಹೊತ್ತು ಕಳೆದ ಮೇಲೆ ತೀರ್ಪು. ಭಾರ ಹೆಚ್ಚಾಗಿದ್ದು ಗೊತ್ತಿದ್ದೂ, ಕಟ್ಟದೆ ಇದ್ದ ಮೂಟೆ ಮೇಲಿದ್ದೂ, ಜನ ಓಡಾಡೋ ರಸ್ತೆಗೆ ಗಾಡಿ ತಂದಿದ್ದಾನೆ. ಆ ಮೂಟೆ ಬಸ್ಸಿನ ಮುಂದೆ ಬೀಳೋ ಬದಲು ಒಂದು ಸ್ಕೂಟರಿನ ಮೇಲೆ ಬಿದ್ದಿದ್ದರೆ ಅಂತ ನ್ಯಾಯಾಧೀಶರು ಕೇಳಿದರು. ಆ ಮಾತು ಮುತ್ತಯ್ಯನಿಗೂ ಹೌದು ಅನ್ನಿಸಿತು, ಎಷ್ಟೋ ಸಲ ಅವನೇ ಹಂಗೆ ಯೋಚಿಸಿ ಬೆವರಿದ್ದ. ಹಿಂದೆ ಒಂದು ಸಲ ಶಿಕ್ಷೆ ಆಗಿದೆ, ಇದು ಎರಡನೇದು. ದಂಡ. ಎರಡು ವರ್ಷ ಯಾವ ಗಾಡಿಯನ್ನೂ ಓಡಿಸಕೂಡದು, ಆಮೇಲೆ ಬೇಕಿದ್ದರೆ ಹೊಸದಾಗಿ ಪರೀಕ್ಷೆ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬಹುದು. ಐವತ್ತೆಂಟಕ್ಕೆ ಯಾರು ಕೊಡುತ್ತಾರೆ, ಕೊಟ್ಟರೂ ಯಾರು ಗಾಡಿ ಕೊಡುತ್ತಾರೆ? ಗುಮಾಸ್ತ ಕೈ ಚಾಚಿದ. ಮುತ್ತಯ್ಯ ಪ್ಲಾಸ್ಟಿಕ್ ಕವರಿನಿಂದ ಲೈಸೆನ್ಸ್ ತೆಗೆದು ಕೊಟ್ಟು, ಖಾಲಿ ಕವರನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಹೊರಗೆ ಗುರುಪ್ರಕಾಶ್, ಜಿಲ್ಲಾ ಕೋರ್ಟಿಗೆ ಅಪೀಲು ಹಾಕಬಹುದು ಅಂತ ಏನೇನೋ ಹೇಳಿದ. ಮುತ್ತಯ್ಯ ತಲೆ ಆಡಿಸಿದ. ದೇವೀರಮ್ಮ ಮರದ ಕೆಳಗೆ ಕೂತು, ಸೆರಗಿನ ಗಂಟಿನಲ್ಲಿ ಕಟ್ಟಿ ತಂದಿದ್ದ ಎರಡು ಬಾಳೆಹಣ್ಣಿನಲ್ಲಿ ಒಂದನ್ನು ಅವನಿಗೆ ಅಂತ ಉಳಿಸಿಕೊಂಡಿದ್ದಳು. ಇಬ್ಬರೂ ನಡೆದು ಬಸ್ ಸ್ಟ್ಯಾಂಡಿಗೆ ಬಂದರು, ಯಳಂದೂರಿನ ಬಸ್ಸು ಹತ್ತಿದರು. ಮಾಂಬಳ್ಳಿ ದಾಟೋ ತನಕ ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳೋಕೆ ಅವಳಿಗೆ ಹೆದರಿಕೆ ಅನ್ನೋದು ಅವನಿಗೆ ಗೊತ್ತಾಗುತ್ತಿತ್ತು.

“ನನ್ ಮಾತಿಂದ ಏನಾರ ಆಯ್ತಾ ಮಗಾ?”

ಮುತ್ತಯ್ಯ ಕಿಟಕಿಯ ಹೊರಗೆ ನೋಡುತ್ತಿದ್ದವನು ಅವಳ ಕಡೆ ತಿರುಗಿದ. ಆ ಮುಖ ನೋಡಿ, ಇದ್ದದ್ದು ಹೇಳೋ ಶಕ್ತಿ ಯಾವ ಗಂಡಸಿಗಿದ್ದೀತು?

“ಆಯ್ತು ಕಣವ್ವ. ನೀ ಬಂದದ್ಕೇ ಉಳ್ಕಂಡೆ.”

ದೇವೀರಮ್ಮ ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿದಳು. ಅಳುತ್ತಿದ್ದಾಳೋ ಅಂತ ನೋಡಿದ, ಅಳುತ್ತಿರಲಿಲ್ಲ. ಹರಕೆ ಕೆಟ್ಟಿತು, ಮಗುವಿಗೆ ಮತ್ತೆ ಬಂದರೂ ಬರಬಹುದು, ಆದರೂ ಒಬ್ಬನ ಅನ್ನ ಉಳಿಯಿತಲ್ಲ, ಅಷ್ಟು ಸಾಕು ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅವನ ಮೊಣಕೈ ಹಿಡಿದಳು.

“ಇನ್ನ್ ಮ್ಯಾಲೆ ಆ ಕೂಸು ಯಾವ್ ಒತ್ತಲ್ಲಿ ಬಿದ್ದದೋ ಗೊತ್ತಿಲ್ಲ. ರಾತ್ರಿ ಗೀತ್ರಿ ಬಿದ್ರೆ ಮೈಸೂರ್ ಆಸ್ಪತ್ರೆಗೆ ನೀನೇ ಯಾವ್ದಾರ ಗಾಡಿ ಓಡುಸ್ಕಂಡು ಕರ್ಕಂಡ್ ಓಗ್ಬೇಕು ಕಣ್ ಮಗಾ. ನಿನ್ ಬುಟ್ರೆ ಯಾರವ್ರೆ ನಂಗೆ?”

“ಓಯ್ತೀನಿ ಕಣವ್ವ,” ಅಂದ ಮುತ್ತಯ್ಯ.